ಹದಿನೈದು ಸೆಕೆಂಡಿನ ಪಲ್ಲವಿ: ಅಯುಮಿ ಹಮಾಸಾಕಿಯ ಏರು, ಇಳಿತ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2001ರ ಮಾರ್ಚ್ 28, ಬುಧವಾರ. ಜಪಾನಿನ ಸಿಡಿ ಅಂಗಡಿಗಳಿಗೆ ಅಂದು ಎರಡು ಆಲ್ಬಮ್‌ಗಳು ಒಟ್ಟಿಗೆ ಬಂದವು. ಒಂದು ಉತಾದಾ ಹಿಕಾರು ಅವರ ‘ಡಿಸ್ಟೆನ್ಸ್’, ಇನ್ನೊಂದು ನಮ್ಮ ಇಂದಿನ ವಿಷಯವಾದ ಪಾಪ್ ಗಾಯಕಿ ಅಯುಮಿ ಹಮಾಸಾಕಿ ಅವರ ‘ಎ ಬೆಸ್ಟ್’. ಮೊದಲ ವಾರ ಮುಗಿಯುವಷ್ಟರಲ್ಲಿ ‘ಡಿಸ್ಟೆನ್ಸ್’ ಸುಮಾರು 30 ಲಕ್ಷ, ‘ಎ ಬೆಸ್ಟ್’ ಸುಮಾರು 28.7 ಲಕ್ಷ ಪ್ರತಿ ಮಾರಾಟವಾಗಿದ್ದವು. ಒಂದೊಂದಕ್ಕೆ ಮೂರು ಸಾವಿರ ಯೆನ್ ಆಸುಪಾಸಿನ ಬೆಲೆ. ಒಂದೇ ವಾರದಲ್ಲಿ, ಒಂದೇ ದೇಶದಲ್ಲಿ, ಇಬ್ಬರು ಯುವತಿಯರ ದನಿ ಹೊತ್ತ ಸುಮಾರು ಅರವತ್ತು ಲಕ್ಷ ಪ್ಲಾಸ್ಟಿಕ್ ತಟ್ಟೆಗಳು ಮನೆಗಳಿಗೆ ಹೋದವು. ಆಗ ಅಯುಮಿಗೆ 22 ವರ್ಷ.

‘ಎ ಬೆಸ್ಟ್’ ಮುಖಪುಟದಲ್ಲಿ ಅವರ ಮುಖ ಹತ್ತಿರದಿಂದ ಕಾಣುತ್ತದೆ, ಕಣ್ಣಲ್ಲಿ ನೀರಿದೆ. ಅದುವರೆಗಿನ ಹಾಡುಗಳನ್ನು ಆರಿಸಿ ಕಟ್ಟಿದ ಸಂಕಲನ ಅದು. ಮೊದಲ ಸಿಂಗಲ್, ಅಂದರೆ ಒಂದೆರಡು ಹಾಡಿನ ಸಿಡಿ, ಬಂದು ಮೂರು ವರ್ಷವೂ ತುಂಬಿರಲಿಲ್ಲ. ಇಷ್ಟು ಬೇಗ ಸಂಕಲನ ಬೇಡ ಎಂಬುದು ಅವರ ಮನಸ್ಸಾಗಿತ್ತು, ತೀರ್ಮಾನ ಮಾತ್ರ ಅವರ ಸಿಡಿಗಳನ್ನು ಹೊರತರುತ್ತಿದ್ದ ಏವೆಕ್ಸ್ ಕಂಪನಿಯದು. ಜಪಾನಿ ಪಾಪ್ ಇತಿಹಾಸದ ಅತಿ ದೊಡ್ಡ ಮಾರಾಟಗಳಲ್ಲಿ ಒಂದು, ಹಾಡಿದವರಿಗೇ ಒಪ್ಪಿಗೆಯಿಲ್ಲದ ಆಲ್ಬಮ್ಮಿನದು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಅಯುಮಿಯ ಇಳಿತಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಮೂರು: ದನಿ ಹೋಯಿತು, ವಯಸ್ಸಾಯಿತು, ಹೊಸ ಹುಡುಗಿಯರು ಬಂದರು. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ನನ್ನ ವಾದ ಬೇರೆ. ಅವರನ್ನು ಎತ್ತಿದ್ದು ಸಿಡಿ ವ್ಯಾಪಾರದ ಒಂದು ನಿರ್ದಿಷ್ಟ ಏರ್ಪಾಡು. ಆ ಏರ್ಪಾಡು ಬಿಚ್ಚಿಕೊಂಡಿತು. ಅಷ್ಟರೊಳಗೆ ಅದರ ವೇಗಕ್ಕೆ ಹೊಂದಿಕೊಳ್ಳಲು ಹೋಗಿ ಅವರ ಕಿವಿ, ಗಂಟಲು ಎರಡೂ ಸವೆದಿದ್ದವು.

ಮೊದಲು ಏರಿಕೆ. ಅಯುಮಿ ಹುಟ್ಟಿದ್ದು 1978ರ ಅಕ್ಟೋಬರ್ 2ರಂದು, ಫುಕುವೋಕಾದಲ್ಲಿ. ತಂದೆ ಬಿಟ್ಟು ಹೋದ ಮನೆ, ಬೆಳೆಸಿದವರು ತಾಯಿ ಮತ್ತು ಅಜ್ಜಿ. ಹದಿಹರೆಯದಲ್ಲೇ ಟೋಕಿಯೋಗೆ ಬಂದು ಮಾಡೆಲಿಂಗ್, ಸಣ್ಣಪುಟ್ಟ ಪಾತ್ರ ಮಾಡಿದರು. 1995ರಲ್ಲಿ ಬೇರೊಂದು ಕಂಪನಿಯಿಂದ ರ‍್ಯಾಪ್ ಶೈಲಿಯ ಚಿಕ್ಕ ಆಲ್ಬಮ್ ಒಂದು ಬಂತು. ಯಾರೂ ಕೊಳ್ಳಲಿಲ್ಲ, ಕಂಪನಿ ಕೈಬಿಟ್ಟಿತು. ಆಮೇಲೆ ಏವೆಕ್ಸ್ ಸಂಸ್ಥೆಯ ನಿರ್ಮಾಪಕ ಮಾತ್ಸುರಾ ಮಸಾತೊ ಅವರ ಪರಿಚಯವಾಯಿತು. ಅವರು ಈಕೆಯನ್ನು ಹಾಡಿನ ತರಬೇತಿಗೆ ನ್ಯೂಯಾರ್ಕಿಗೆ ಕಳಿಸಿದರು. ಈಕೆ ಬರೆಯುತ್ತಿದ್ದ ಪತ್ರಗಳನ್ನು ಓದಿ, ಸಾಹಿತ್ಯವನ್ನೂ ನೀನೇ ಬರೆ ಎಂದರು. ಅಯುಮಿಯ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಅಂದಿನಿಂದ ಅವರು ತಮ್ಮ ಹಾಡುಗಳ ಸಾಹಿತ್ಯವನ್ನು ತಾವೇ ಬರೆಯುತ್ತ ಬಂದರು.

ಏವೆಕ್ಸ್‌ಗೂ ಆಗ ಹೊಸಬರು ಬೇಕಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಆ ಕಂಪನಿ ನಿಂತಿದ್ದು ನೃತ್ಯ ಸಂಗೀತದ ಮೇಲೆ, ಅದರಲ್ಲೂ ಕೊಮುರೊ ತೆತ್ಸುಯಾ ಎಂಬ ಒಬ್ಬ ಸಂಗೀತಗಾರರ ಕೈಚಳಕದ ಮೇಲೆ. 1998ರ ಹೊತ್ತಿಗೆ ಅವರ ಅಲೆ ಇಳಿಯತೊಡಗಿತ್ತು.

1998ರ ಏಪ್ರಿಲ್ 8ರಂದು ಮೊದಲ ಸಿಂಗಲ್ ‘ಪೋಕರ್ ಫೇಸ್’ ಬಂತು. ವಾರವಾರದ ಸಿಡಿ ಮಾರಾಟದ ಲೆಕ್ಕ ಕೊಡುವ ಒರಿಕಾನ್ ಪಟ್ಟಿಯಲ್ಲಿ 20ನೇ ಸ್ಥಾನ. ಸದ್ದಾಗಲಿಲ್ಲ, ಆದರೆ ಕಂಪನಿ ನಿಲ್ಲಿಸಲೂ ಇಲ್ಲ. ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಹೀಗೆ ಎರಡು ತಿಂಗಳಿಗೊಂದು ಸಿಂಗಲ್ ಬಿಟ್ಟಿತು. 1999ರ ಜನವರಿ 1ಕ್ಕೆ ಮೊದಲ ಆಲ್ಬಮ್ ‘ಎ ಸಾಂಗ್ ಫಾರ್ ××’ ಬಂತು. ಅದು ನೇರವಾಗಿ ಮೊದಲ ಸ್ಥಾನಕ್ಕೆ ಹೋಯಿತು, ಹತ್ತು ಲಕ್ಷ ದಾಟಿತು. ಸಿಂಗಲ್‌ಗಳಲ್ಲಿ ಒಂದೂ ಮೊದಲ ಸ್ಥಾನ ಕಂಡಿರದ ಗಾಯಕಿಯ ಆಲ್ಬಮ್ ಇಷ್ಟು ಓಡಿದ್ದು ಹೇಗೆ?

ಇಲ್ಲಿ ಆ ಕಾಲದ ಏರ್ಪಾಡನ್ನು ಬಿಚ್ಚಿ ನೋಡಬೇಕು. ಮೊದಲ ಭಾಗ ‘ಟೈ-ಅಪ್’. ಹಾಡು ಸಿದ್ಧವಾಗುವ ಮೊದಲೇ ಅದನ್ನು ಯಾವುದಾದರೂ ಜಾಹೀರಾತಿಗೋ ಟಿವಿ ಧಾರಾವಾಹಿಗೋ ಕಟ್ಟಿಬಿಡುವುದು. ಜಾಹೀರಾತು ಕೊಡುವವರಿಗೆ ಹಾಡು ಸಿಗುತ್ತದೆ, ಹಾಡಿಗೆ ಪುಕ್ಕಟೆ ಪ್ರಸಾರ ಸಿಗುತ್ತದೆ. ಅಯುಮಿ ತುಟಿಬಣ್ಣದ ಜಾಹೀರಾತಿನಲ್ಲಿ, ಮೊಬೈಲ್ ಫೋನಿನ ಜಾಹೀರಾತಿನಲ್ಲಿ, ಮುಂದೆ ಪ್ಯಾನಾಸೋನಿಕ್ ಲ್ಯೂಮಿಕ್ಸ್ ಕ್ಯಾಮೆರಾದ ಜಾಹೀರಾತಿನಲ್ಲಿ ಮುಖವೂ ದನಿಯೂ ಆದರು. ಜಪಾನಿನ ಟಿವಿ ಜಾಹೀರಾತಿನ ಸಾಮಾನ್ಯ ಅಳತೆ 15 ಸೆಕೆಂಡು. ಆದ್ದರಿಂದ ಹಾಡಿನ ‘ಸಾಬಿ’, ಅಂದರೆ ನಮ್ಮ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ಮುಖ್ಯ ಭಾಗ, ಆ 15 ಸೆಕೆಂಡಿನಲ್ಲಿ ಕೂರಬೇಕು, ಒಂದೇ ಸಲ ಕೇಳಿದವರಿಗೂ ನಾಟಬೇಕು. ಜಪಾನಿ ಪಾಪ್ ಹಾಡಿಗೆ ಮೂರು ಮೆಟ್ಟಿಲು: ‘ಎ-ಮೆಲೊ’ ತಗ್ಗಿನಲ್ಲಿ ಶುರುವಾಗುತ್ತದೆ, ‘ಬಿ-ಮೆಲೊ’ ಏರುತ್ತದೆ, ‘ಸಾಬಿ’ ತಾರಸ್ಥಾಯಿಯಲ್ಲಿ ಸ್ಫೋಟಿಸುತ್ತದೆ. ಅಯುಮಿಯ ತೆಳುವಾದ, ಸ್ವಲ್ಪ ಮೂಗಿನಲ್ಲಿ ಅನುರಣಿಸುವ ದನಿ ಆ ಮೂರನೇ ಮೆಟ್ಟಿಲಿನಲ್ಲಿ ಟಿವಿಯ ಪುಟ್ಟ ಸ್ಪೀಕರಿನಿಂದಲೂ ಚೂಪಾಗಿ ಹೊರಬರುತ್ತಿತ್ತು. ದಪ್ಪ ದನಿಗೆ ಆ ಸ್ಪೀಕರಿನಲ್ಲಿ ಈ ಅನುಕೂಲ ಇಲ್ಲ.

ಎರಡನೆಯದು ಬೆಲೆ. ಜಪಾನಿನಲ್ಲಿ ಸಂಗೀತದ ಸಿಡಿಯ ಚಿಲ್ಲರೆ ಬೆಲೆಯನ್ನು ತಯಾರಕರೇ ನಿಗದಿ ಮಾಡಲು ಕಾನೂನಿನ ಅವಕಾಶ ಇದೆ. ಅಂಗಡಿಯವರು ಹೊಸ ಸಿಡಿಯನ್ನು ಅಗ್ಗಕ್ಕೆ ಮಾರುವಂತಿಲ್ಲ. ಇದರಿಂದ ಕಂಪನಿಯ ಲಾಭ ಗಟ್ಟಿಯಾಯಿತು, ಜಾಹೀರಾತಿಗೆ ಸುರಿಯಲು ಹಣ ಬಂತು. ಬೆಲೆ ದುಬಾರಿ ಎನಿಸಿದ ಹುಡುಗರು ಸಿಡಿಯನ್ನು ಬಾಡಿಗೆಗೆ ತಂದು, ಮನೆಯಲ್ಲೇ ಹಾಡು ತುಂಬಿಕೊಳ್ಳಬಹುದಾದ ಪುಟ್ಟ ತಟ್ಟೆಯಾದ ಮಿನಿಡಿಸ್ಕಿಗೆ ನಕಲು ಮಾಡಿಕೊಂಡರು. ಅಂಥ ಬಾಡಿಗೆ ಅಂಗಡಿಗಳು ಅಲ್ಲಿ ಕಾನೂನುಬದ್ಧ. ಆಮೇಲೆ ಅದೇ ಹಾಡನ್ನು ಗೆಳೆಯರ ಜೊತೆ ಕರಾವೋಕೆ ಕೋಣೆಯಲ್ಲಿ ಹಾಡಿದರು.

ಮೂರನೆಯದು ವಾರದ ಲೆಕ್ಕ. ಒರಿಕಾನ್ ವಾರ ಸೋಮವಾರದಿಂದ ಭಾನುವಾರ. ಹೊಸ ಸಿಡಿ ಬಿಡುಗಡೆಯಾಗುವುದು ಬುಧವಾರ, ಅಂಗಡಿಗೆ ಮುಟ್ಟುವುದು ಮಂಗಳವಾರ. ಅದೇ ವಾರದ ಲೆಕ್ಕಕ್ಕೆ ಐದಾರು ದಿನದ ಮಾರಾಟ ಸೇರುತ್ತದೆ, ಮೊದಲ ಸ್ಥಾನ ಬಂದರೆ ಅದೇ ಸುದ್ದಿಯಾಗಿ ಇನ್ನಷ್ಟು ಮಾರಾಟ ತರುತ್ತದೆ. ಈ ಯಂತ್ರ ತನ್ನ ಪೂರ್ಣ ಶಕ್ತಿಯಲ್ಲಿ ಓಡಿದ ವರ್ಷವೇ 1998. ಆ ವರ್ಷ ಜಪಾನಿನ ಧ್ವನಿಮುದ್ರಣಗಳ ಉತ್ಪಾದನಾ ಮೌಲ್ಯ ಸುಮಾರು 60,700 ಕೋಟಿ ಯೆನ್ ಮುಟ್ಟಿತು. ಅದಕ್ಕಿಂತ ಮೇಲೆ ಅದು ಹೋಗಿಲ್ಲ. ಅಂದರೆ ಅಯುಮಿ ಹತ್ತಿದ್ದು ಏರುತ್ತಿದ್ದ ಬೆಟ್ಟವನ್ನಲ್ಲ, ನೆತ್ತಿಯನ್ನು. ಆ ಹೊತ್ತಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಯಂತ್ರ ಒಂದರಿಂದಲೇ ಅಯುಮಿ ಆಗಲಿಲ್ಲ. ಇದೇ ಯಂತ್ರಕ್ಕೆ ಹಾಕಿದ ಎಷ್ಟೋ ಹುಡುಗಿಯರು ಎರಡು ಸಿಂಗಲ್‌ಗೆ ಮರೆಯಾದರು. ಅಯುಮಿಯಲ್ಲಿ ಇದ್ದದ್ದು ಮಾತು. ಮೊದಲ ಆಲ್ಬಮ್ಮಿನ ಶೀರ್ಷಿಕೆ ಗೀತೆಯಲ್ಲಿ ಒಂದು ಮಗುವಿದೆ. ಗಟ್ಟಿ ಹುಡುಗಿ, ಅಳದ ಹುಡುಗಿ ಎಂದು ದೊಡ್ಡವರು ಹೊಗಳುತ್ತಾರೆ, ಆ ಹೊಗಳಿಕೆಯಿಂದಲೇ ಮಗು ಉಸಿರುಗಟ್ಟುತ್ತದೆ. ಆರ್ಥಿಕ ಗುಳ್ಳೆ ಒಡೆದು ಷೇರು, ಭೂಮಿಯ ಬೆಲೆಗಳು ಕುಸಿದ ಮೇಲೆ ಬೆಳೆದ, ಉದ್ಯೋಗದ ಬಾಗಿಲು ಮುಚ್ಚಿದ್ದ ಪೀಳಿಗೆಗೆ ಅದು ತಮ್ಮದೇ ದಿನಚರಿಯ ಪುಟದಂತೆ ಕೇಳಿಸಿತು. ನೋಟಕ್ಕೆ ಚಿರತೆ ಚುಕ್ಕೆಯ ಬಟ್ಟೆ, ಬಣ್ಣ ಬಳಿದ ಕೂದಲು, ಅಲಂಕರಿಸಿದ ಉಗುರು. ಕಿವಿಗೆ ಒಂಟಿತನ. ಈ ಎರಡರ ನಡುವಿನ ಬಿರುಕಿನಲ್ಲೇ ಅವರ ಸೆಳೆತ ಇತ್ತು. ಬಟ್ಟೆಯನ್ನು ಅನುಕರಿಸಿದ ಹುಡುಗಿಯರಿಗೆಲ್ಲ ಹಾಡಿನ ಒಳಗಿನ ಮಾತೂ ಗೊತ್ತಿತ್ತು.

1999ರಲ್ಲಿ ‘ಲವ್ ಡೆಸ್ಟಿನಿ’ ಮೊದಲ ಸ್ಥಾನ ಕಂಡಿತು. ‘ಬಾಯ್ಸ್ ಅಂಡ್ ಗರ್ಲ್ಸ್’ ಹತ್ತು ಲಕ್ಷ ದಾಟಿದ ಮೊದಲ ಸಿಂಗಲ್ ಆಯಿತು. ‘ಎ’ ಎಂಬ ಸಿಂಗಲ್ 16 ಲಕ್ಷ ದಾಟಿತು. 2000ದ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ‘ವೋಗ್’, ‘ಫಾರ್ ಅವೇ’, ‘ಸೀಸನ್ಸ್’ ಎಂಬ ಮೂರು ಸಿಂಗಲ್‌ಗಳು ಒಂದೇ ಸರಣಿಯಾಗಿ ಬಂದವು. ಸೆಪ್ಟೆಂಬರಿನ ‘ಡ್ಯೂಟಿ’ ಆಲ್ಬಮ್ ಸುಮಾರು 29 ಲಕ್ಷ ಹೋಯಿತು. ಡಿಸೆಂಬರಿನ ‘ಎಂ’ಗೆ ಮೊದಲ ಬಾರಿ ಸ್ವರ ಸಂಯೋಜನೆಯನ್ನೂ ಅವರೇ ಮಾಡಿದರು, ‘ಕ್ರೆಯಾ’ ಎಂಬ ಹೆಸರಿನಲ್ಲಿ. ಅದು ಅವರ ನಾಯಿಮರಿಯ ಹೆಸರು.

ಇದೇ 2000ದಲ್ಲಿ, ಸಂಗೀತ ಪ್ರವಾಸದ ನಡುವೆ, ಅವರ ಕಿವಿಗೆ ದಿಢೀರ್ ಶ್ರವಣ ದೋಷ ಬಂತು. ಒಳಕಿವಿಯ ತೊಂದರೆ ಎಂದು ಕೆಲವು ಕಾರ್ಯಕ್ರಮಗಳನ್ನು ಮುಂದೂಡಿದರು. ಈ ಕಾಯಿಲೆಯ ಸ್ವಭಾವ ಹೀಗೆ: ಸಾಮಾನ್ಯವಾಗಿ ಒಂದೇ ಕಿವಿಗೆ ಬರುತ್ತದೆ, ಗಂಟೆಗಳಲ್ಲಿ ಅಥವಾ ಎರಡು ಮೂರು ದಿನದಲ್ಲಿ ಕೇಳುವ ಶಕ್ತಿ ಕುಸಿಯುತ್ತದೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕೆಲವರಿಗೆ ತಲೆಸುತ್ತು. ಎರಡು ವಾರದೊಳಗೆ ಸ್ಟೀರಾಯ್ಡ್ ಚಿಕಿತ್ಸೆ ಶುರುವಾಗಬೇಕು, ಜೊತೆಗೆ ವಿಶ್ರಾಂತಿ ಬೇಕು. ತಡವಾದಷ್ಟೂ ಮರಳಿ ಬರುವ ಸಾಧ್ಯತೆ ಕಡಿಮೆ. ವಿಶ್ರಾಂತಿ ಎಂಬುದು ಆ ವರ್ಷದ ವೇಳಾಪಟ್ಟಿಯಲ್ಲಿ ಇರಲೇ ಇಲ್ಲ, ಸಿಂಗಲ್‌ಗಳ ತಿಂಗಳುಗಳನ್ನು ಈಗಷ್ಟೇ ಹೇಳಿದೆ. 2008ರ ಜನವರಿಯಲ್ಲಿ ಅವರೇ ಅಭಿಮಾನಿಗಳಿಗೆ ತಿಳಿಸಿದರು: ಎಡಗಿವಿ ಇನ್ನು ಕೇಳಿಸುವುದಿಲ್ಲ, ಚಿಕಿತ್ಸೆಯೂ ಇಲ್ಲ, ಆದರೂ ಹಾಡುತ್ತೇನೆ.

ಒಂದು ಕಿವಿ ಹೋದ ಗಾಯಕಿಗೆ ವೇದಿಕೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ಭಾಗವನ್ನು ಬಿಟ್ಟು ಬರೀ ‘ದನಿ ಹೋಯಿತು’ ಎನ್ನುವವರು ಅನ್ಯಾಯ ಮಾಡುತ್ತಾರೆ. ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಮೆದುಳು ತಿಳಿಯುವುದು ಎರಡು ಕಿವಿಗಳ ನಡುವಿನ ಸಮಯದ, ಗಟ್ಟಿತನದ ವ್ಯತ್ಯಾಸದಿಂದ. ಒಂದು ಕಿವಿ ಇಲ್ಲದಾಗ ಡ್ರಮ್ಮು, ಗಿಟಾರು, ಜನರ ಕೂಗು, ತನ್ನದೇ ದನಿ ಎಲ್ಲವೂ ಒಂದೇ ಮುದ್ದೆಯಾಗುತ್ತವೆ. ಆ ಮುದ್ದೆಯಿಂದ ತನ್ನ ಶ್ರುತಿಯನ್ನು ಹೆಕ್ಕುವುದು ಕಷ್ಟ. ತನ್ನ ದನಿಯನ್ನೂ ವಾದ್ಯಗಳನ್ನೂ ಕೇಳಿಸುವ, ಕಿವಿಯೊಳಗೆ ಇಡುವ ಪುಟ್ಟ ಸ್ಪೀಕರ್ (ಮಾನಿಟರ್) ಬಳಸಬಹುದು, ಆದರೆ ಎಡ ಬಲ ಎರಡರ ಮಿಶ್ರಣವನ್ನೂ ಉಳಿದ ಒಂದೇ ಕಿವಿಗೆ ತುಂಬಬೇಕು. ಆಗ ಸದ್ದಿನ ಪ್ರಮಾಣ ಏರಿಸುವ ಆಸೆ ಸಹಜ. ಅಪಾಯ ಅಲ್ಲೇ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ಔದ್ಯೋಗಿಕ ಆರೋಗ್ಯದ ಒಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಪಾಪ್ ಸಂಗೀತದ ವೇದಿಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಅದರ ಸುತ್ತಮುತ್ತಲೇ ಇರುತ್ತದೆ.

ಇನ್ನೊಂದು ಸಂಗತಿ ಇದಕ್ಕೆ ಸೇರಿಕೊಳ್ಳುತ್ತದೆ. ತನ್ನ ದನಿ ತನಗೆ ಸರಿಯಾಗಿ ಕೇಳದಿದ್ದರೆ ಮನುಷ್ಯ ಅರಿವಿಲ್ಲದೆಯೇ ಗಟ್ಟಿಯಾಗಿ ಮಾತಾಡುತ್ತಾನೆ, ಗಟ್ಟಿಯಾಗಿ ಹಾಡುತ್ತಾನೆ. ಜಾತ್ರೆಯಲ್ಲಿ ನಿಂತು ಮಾತಾಡಿದವರಿಗೆ ಇದು ಗೊತ್ತು. ತಾರಸ್ಥಾಯಿಯ ಸಾಬಿಯನ್ನು ಎದೆಯ ದನಿಯಲ್ಲೇ ತಳ್ಳುತ್ತ, ಮೇಲಿಂದ ಮೇಲೆ ಹೀಗೆ ಗಟ್ಟಿ ಮಾಡಿದರೆ ಗಂಟಲ ಮೇಲೆ ಬಿಗಿ ಕೂರುತ್ತದೆ, ಧ್ವನಿತಂತುಗಳು ಊದಿಕೊಳ್ಳುತ್ತವೆ, ಮೃದುವಾಗಿ ಹಿಡಿಯುವ ಸ್ವರಗಳು ಮೊದಲು ಕೈಕೊಡುತ್ತವೆ. ಅಯುಮಿಯ ಧ್ವನಿಮುದ್ರಣಗಳಲ್ಲಿ ಕೇಳಿಸುವ ಬದಲಾವಣೆ ಇದೇ ದಿಕ್ಕಿನದು: ತೊಂಬತ್ತರ ಕೊನೆಯ ಉಸಿರು ಬೆರೆತ ತೆಳು ದನಿ ಕ್ರಮೇಣ ಗಡುಸಾಯಿತು, ಸ್ವರದ ಕೊನೆಯಲ್ಲಿ ಕಂಪನ ಅಗಲವಾಯಿತು, ಹಳೆಯ ಹಾಡುಗಳ ಎತ್ತರದ ಸ್ವರಗಳಿಗೆ ಬಹಳ ತಿಣುಕಬೇಕಾಯಿತು. ಅವರ ಹಿಟ್ ಹಾಡುಗಳೆಲ್ಲ ಇಪ್ಪತ್ತರ ಹರೆಯದ ಗಂಟಲಿಗೆ ಅಳತೆ ಕೊಟ್ಟು ಹೊಲಿದ ಬಟ್ಟೆಗಳು. ಅವನ್ನೇ ಹಾಡಿ ಎಂದು ಜನ ಕೇಳುತ್ತಿದ್ದರು.

ಈಗ ಮಾರುಕಟ್ಟೆಯ ಕಥೆಗೆ ಬರೋಣ. 2001, 2002, 2003 ಹೀಗೆ ಸತತ ಮೂರು ವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿಯ ಅಗ್ರ ಬಹುಮಾನ ಅಯುಮಿಗೇ ಬಂತು: ‘ಡಿಯರೆಸ್ಟ್’, ‘ವಾಯೇಜ್’, ‘ನೋ ವೇ ಟು ಸೇ’. 2002ರಲ್ಲಿ ‘ಎಚ್’ ವರ್ಷದ ಅತಿ ಹೆಚ್ಚು ಮಾರಾಟವಾದ ಸಿಂಗಲ್. ಹತ್ತು ಲಕ್ಷವನ್ನು ಅದು ಅಷ್ಟಕ್ಕಷ್ಟೇ ದಾಟಿತು. ಪ್ರಶಸ್ತಿ ನೋಡಿದರೆ ಶಿಖರ, ಅಂಕಿ ನೋಡಿದರೆ ಇಳಿಜಾರು ಆಗಲೇ ಶುರು. ಆಮೇಲೆ ಅವರ ಯಾವ ಸಿಂಗಲ್ಲೂ ಹತ್ತು ಲಕ್ಷ ಮುಟ್ಟಲಿಲ್ಲ. ಸ್ಟುಡಿಯೋ ಆಲ್ಬಮ್‌ಗಳಲ್ಲಿ ಆ ಗಡಿ ದಾಟಿದ ಕೊನೆಯದು 2004ರ ಡಿಸೆಂಬರಿನ ‘ಮೈ ಸ್ಟೋರಿ’.

ಕಾರಣಗಳಲ್ಲಿ ಮೊದಲನೆಯದು ಜನಸಂಖ್ಯೆ, ಇದನ್ನು ಹೇಳುವವರೇ ಕಡಿಮೆ. 1973ರಲ್ಲಿ ಜಪಾನಿನಲ್ಲಿ ಸುಮಾರು 20.9 ಲಕ್ಷ ಮಕ್ಕಳು ಹುಟ್ಟಿದರು, 1990ರಲ್ಲಿ ಸುಮಾರು 12.2 ಲಕ್ಷ. ಸಿಡಿ ಕೊಳ್ಳುವ ವಯಸ್ಸು ಹದಿನೈದರಿಂದ ಇಪ್ಪತ್ತೈದು ಎಂದಿಟ್ಟುಕೊಳ್ಳಿ. 1998ರಲ್ಲಿ ಆ ದೊಡ್ಡ ಪೀಳಿಗೆ ಸಂಬಳ ಎಣಿಸುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರೆಲ್ಲ ಮನೆ ಸಾಲ, ಮಕ್ಕಳ ಶಾಲೆಗೆ ಹೋದರು, ಹಿಂದೆ ಬಂದವರ ಸಂಖ್ಯೆ ಬಹಳ ಚಿಕ್ಕದು.

ಎರಡನೆಯದು ಫೋನು. 1999ರ ಫೆಬ್ರವರಿಯಲ್ಲಿ ಮೊಬೈಲ್ ಕಂಪನಿ ಡೊಕೊಮೊ ಫೋನಿನಲ್ಲೇ ಇಂಟರ್ನೆಟ್ ಕೊಡುವ ‘ಐ-ಮೋಡ್’ ತಂದಿತು. ಹುಡುಗ ಹುಡುಗಿಯರ ಕೈಖರ್ಚಿನ ಹಣ ಫೋನ್ ಬಿಲ್ಲಿಗೆ ಹೋಗತೊಡಗಿತು. 2002ರ ಕೊನೆಗೆ ‘ಚಾಕು-ಉತಾ’ ಬಂತು, ಅಂದರೆ ಹಾಡಿನ ತುಣುಕನ್ನೇ ಫೋನಿನ ರಿಂಗ್‌ಟೋನ್ ಆಗಿ ಇಳಿಸಿಕೊಳ್ಳುವ ಸೇವೆ. ಜನರಿಗೆ ಬೇಕಾದದ್ದು ಸಾಬಿ ಮಾತ್ರ ಎಂದು ಜಾಹೀರಾತುಗಳು ಕಲಿಸಿದ್ದವು. ಫೋನು ಸಾಬಿಯನ್ನಷ್ಟೇ ಮಾರಿತು. ಮೂರು ಸಾವಿರ ಯೆನ್ನಿನ ಆಲ್ಬಮ್ ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆ ಆಗ ಹುಟ್ಟಿತು.

ಈ ಹೊತ್ತಿನಲ್ಲಿ ಏವೆಕ್ಸ್ ಮಾಡಿದ ಒಂದು ತಪ್ಪು ದೊಡ್ಡದು. 2002ರ ಮಾರ್ಚ್‌ನಿಂದ ನಕಲು ತಡೆಯುವ ಸಿಡಿಗಳನ್ನು ಮಾರಲು ಶುರು ಮಾಡಿತು, ಜಪಾನಿನಲ್ಲಿ ಅದೇ ಮೊದಲು. ಇದರ ತಂತ್ರ, ಕಂಪ್ಯೂಟರಿನ ಡ್ರೈವ್ ಗೊಂದಲಗೊಳ್ಳಲಿ ಎಂದು ತಟ್ಟೆಯ ದತ್ತಾಂಶದಲ್ಲಿ ಬೇಕೆಂದೇ ದೋಷ ಸೇರಿಸುವುದು. ಮಾಮೂಲಿ ಪ್ಲೇಯರ್ ಆ ದೋಷಗಳನ್ನು ತಿದ್ದಿಕೊಳ್ಳುತ್ತ ಓದಬೇಕು. ತಿದ್ದುವ ಸಾಮರ್ಥ್ಯವೆಲ್ಲ ಅಲ್ಲೇ ಖರ್ಚಾದರೆ ತಟ್ಟೆಯ ಮೇಲಿನ ನಿಜವಾದ ಗೀರಿಗೆ ಏನೂ ಉಳಿಯುವುದಿಲ್ಲ. ಕೆಲವು ಯಂತ್ರಗಳಲ್ಲಿ ಹಾಡು ತಡವರಿಸಿತು, ಕೆಲವದರಲ್ಲಿ ಓಡಲೇ ಇಲ್ಲ. ಸಿಡಿಯ ಅಧಿಕೃತ ಮಾನದಂಡಕ್ಕೆ ಹೊಂದದ ಕಾರಣ ಅದರ ಮೇಲೆ ಸಿಡಿ ಲಾಂಛನವನ್ನೂ ಹಾಕುವಂತಿರಲಿಲ್ಲ. ದುಡ್ಡು ಕೊಟ್ಟು ಕೊಂಡವರಿಗೇ ಶಿಕ್ಷೆ. 2004ರಲ್ಲಿ ಕಂಪನಿ ಆ ನೀತಿಯಿಂದ ಹಿಂದೆ ಸರಿಯಿತು, ಅಷ್ಟರಲ್ಲಿ ನಿಷ್ಠಾವಂತ ಕೇಳುಗರ ಮನಸ್ಸು ಮುರಿದಿತ್ತು.

ಅದೇ 2004ರ ಆಗಸ್ಟಿನಲ್ಲಿ ಏವೆಕ್ಸ್ ಒಳಗೆ ಅಧಿಕಾರದ ಜಗಳ ಬಿತ್ತು. ಮಾತ್ಸುರಾ ರಾಜೀನಾಮೆ ಕೊಟ್ಟರು. ಅವರ ಜೊತೆ ನಾನೂ ಹೊರಡುತ್ತೇನೆ ಎಂಬ ಸೂಚನೆ ಅಯುಮಿಯಿಂದ ಬಂತು, ಷೇರು ಬೆಲೆ ಕುಸಿಯಿತು. ಕೆಲವೇ ದಿನಗಳಲ್ಲಿ ಅಧ್ಯಕ್ಷರಾಗಿದ್ದ ಯೋದಾ ಕೆಳಗಿಳಿದು ಮಾತ್ಸುರಾ ಮರಳಿದರು. ಒಬ್ಬ ಗಾಯಕಿಯ ಮಾತಿಗೆ ಷೇರುಪೇಟೆಯಲ್ಲಿ ಅಷ್ಟು ತೂಕ ಇತ್ತು. ತೂಕ ಇದ್ದವರಿಗೆ ರಜೆ ಸಿಗುವುದಿಲ್ಲ ಎಂಬುದು ಅದರ ಇನ್ನೊಂದು ಮುಖ.

2008ರ ಜನವರಿ 1ರಂದು ಬಂದ ‘ಗಿಲ್ಟಿ’ ಎರಡನೇ ಸ್ಥಾನದಲ್ಲಿ ನಿಂತಿತು. ಮೊದಲ ಸ್ಥಾನ ತಪ್ಪಿದ ಅವರ ಮೊದಲ ಸ್ಟುಡಿಯೋ ಆಲ್ಬಮ್ ಅದು. ಸಿಂಗಲ್‌ಗಳು ಮಾತ್ರ 2002ರ ‘ಫ್ರೀ ಅಂಡ್ ಈಸಿ’ಯಿಂದ ಹಿಡಿದು ಒಂದೂ ತಪ್ಪದೆ ಮೊದಲ ಸ್ಥಾನ ಹಿಡಿಯುತ್ತಲೇ ಇದ್ದವು. 2010ರ ಸೆಪ್ಟೆಂಬರಿನಲ್ಲಿ ‘ಎಲ್’ ಸತತ 25ನೆಯದಾಗಿ, ಎಂಬತ್ತರ ದಶಕದ ಪಾಪ್ ಗಾಯಕಿ ಮಾತ್ಸುದಾ ಸೇಕೊ ಅವರ 24ರ ದಾಖಲೆಯನ್ನು ಮುರಿಯಿತು. ಆ ದಾಖಲೆಯ ವಾರದಲ್ಲಿ ಮಾರಾಟವಾದ ಪ್ರತಿಗಳು ಒಂದು ಲಕ್ಷವನ್ನೂ ಮುಟ್ಟಲಿಲ್ಲ. ಪಟ್ಟಿಯ ಸ್ಥಾನ ಎಷ್ಟು ಟೊಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಅದೇ ವರ್ಷದ ಒರಿಕಾನ್ ವಾರ್ಷಿಕ ಸಿಂಗಲ್ ಪಟ್ಟಿಯ ಮೊದಲ ಹತ್ತೂ ಸ್ಥಾನ ಎರಡೇ ತಂಡಗಳದ್ದು: ಹುಡುಗಿಯರ ತಂಡ ಎಕೆಬಿ48 ಮತ್ತು ಹುಡುಗರ ತಂಡ ಅರಾಶಿ. ಎಕೆಬಿ48ರ ಸಿಡಿಯೊಳಗೆ ಕೈಕುಲುಕುವ ಚೀಟಿ ಇರುತ್ತಿತ್ತು, ತಂಡದ ಚುನಾವಣೆಗೆ ಮತ ಹಾಕುವ ಚೀಟಿ ಇರುತ್ತಿತ್ತು. ಒಬ್ಬನೇ ಅಭಿಮಾನಿ ಹತ್ತಾರು ಪ್ರತಿ ಕೊಳ್ಳುತ್ತಿದ್ದ. ಸಿಡಿ ಹಾಡಿನ ಡಬ್ಬಿಯಾಗಿ ಉಳಿಯಲಿಲ್ಲ, ಟಿಕೆಟ್ ಆಯಿತು. ಅಯುಮಿಯ ಇಡೀ ಕಲೆ ದೂರದಲ್ಲಿ ನಿಂತ ನಕ್ಷತ್ರದ್ದು, ಹೊಳೆಯುತ್ತ ಒಂಟಿಯಾಗಿರುವವಳದ್ದು. ಸಾಲಿನಲ್ಲಿ ನಿಂತವರ ಕೈ ಕುಲುಕುವ ವ್ಯಾಪಾರಕ್ಕೆ ಅದು ಒಗ್ಗುವುದಿಲ್ಲ. ‘ಎಲ್’ ಬಳಿಕ ಮೂರು ವರ್ಷ ಅವರ ಸಿಂಗಲ್ ಸಿಡಿಯೇ ಬರಲಿಲ್ಲ. 2013ರ ಡಿಸೆಂಬರಿನಲ್ಲಿ ಬಂದದ್ದು ಐದನೇ ಸ್ಥಾನಕ್ಕೆ ನಿಂತಿತು. ವರ್ಷಾಂತ್ಯದ ಪ್ರತಿಷ್ಠಿತ ಟಿವಿ ಕಾರ್ಯಕ್ರಮ ‘ಕೊಹಾಕು’ವಿನಲ್ಲಿ 1999ರಿಂದ ಹಾಡುತ್ತ ಬಂದವರು ಆ ವರ್ಷವೇ ಕೊನೆ ಎಂದರು.

ನಡುವೆ 2011ರ ಮದುವೆ, ಮರುವರ್ಷದ ವಿಚ್ಛೇದನ, ಪತ್ರಿಕೆಗಳ ಮೈತೂಕದ ಚರ್ಚೆ ಎಲ್ಲ ನಡೆದವು. ಅವನ್ನು ಇಳಿತದ ಕಾರಣಗಳ ಸಾಲಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಇಪ್ಪತ್ತು ಲಕ್ಷ ಆಲ್ಬಮ್ ಎರಡು ಲಕ್ಷಕ್ಕೆ ಇಳಿಯುವುದು ಗಾಯಕಿಯ ಸೊಂಟದ ಅಳತೆಯಿಂದಲ್ಲ.

ಆಮೇಲೆ ಅವರು ಆರಿಸಿಕೊಂಡ ದಾರಿ ಸಭಾಂಗಣಗಳದ್ದು. ಡೋಮ್ ಎನ್ನುವ ಬೃಹತ್ ಒಳಾಂಗಣ ಕ್ರೀಡಾಂಗಣಗಳ ಬದಲು ಊರೂರಿನ ಮಧ್ಯಮ ಸಭಾಂಗಣಗಳಿಗೆ ಹೋದರು, ವರ್ಷದ ಕೊನೆಯ ರಾತ್ರಿಗೆ ಯೊಯೊಗಿ ಕ್ರೀಡಾಂಗಣ. 2016ರ ‘ಮೇಡ್ ಇನ್ ಜಪಾನ್’ ಆಲ್ಬಮ್ಮನ್ನು ಸಿಡಿಗೂ ಮೊದಲು ಸ್ಟ್ರೀಮಿಂಗ್‌ನಲ್ಲಿ ಕೊಟ್ಟರು. 2017ರಲ್ಲಿ ಬಲಗಿವಿಯೂ ಕ್ಷೀಣಿಸುತ್ತಿದೆ ಎಂದು ಬರೆದರು. 2020ರ ಮೊದಲ ದಿನ ತಾಯಿಯಾದ ಸುದ್ದಿ ತಿಳಿಸಿದರು. 2023ರ ಜನವರಿಯಲ್ಲಿ ‘ರಿಮೆಂಬರ್ ಯು’ ಬಂತು.

ಈ ಮಾತುಗಳನ್ನು ಕಿವಿಯಿಂದಲೇ ಪರೀಕ್ಷಿಸಬೇಕು ಎನ್ನುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ‘ಎ ಸಾಂಗ್ ಫಾರ್ ××’ ಕೇಳಿ, ಸಾಲಿನ ಕೊನೆಯಲ್ಲಿ ಬಿಡುವ ಉಸಿರಿಗೆ ಗಮನ ಕೊಡಿ. ಆಮೇಲೆ ‘ಸೀಸನ್ಸ್’, ಅಲ್ಲಿ ಎ-ಮೆಲೊದಿಂದ ಸಾಬಿಗೆ ಏರುವಾಗ ದನಿ ಎಲ್ಲಿ ಬಿಗಿಯಾಗುತ್ತದೆ ನೋಡಿ. ಮೂರನೆಯದಾಗಿ ‘ಎಂ’, ಅವರದೇ ಸ್ವರ ಸಂಯೋಜನೆ. ಅದಾದ ಮೇಲೆ ಇವೇ ಹಾಡುಗಳ ನಂತರದ ವರ್ಷಗಳ ಒಂದು ವೇದಿಕೆ ಧ್ವನಿಮುದ್ರಣ. ಒಳ್ಳೆಯ ಹೆಡ್‌ಫೋನ್ ಬೇಕು, ಸದ್ದು ಮಧ್ಯಮ ಇರಲಿ. ಕೊನೆಯದನ್ನು ಇನ್ನೊಮ್ಮೆ ಹಾಕಿ, ಎಡಗಡೆಯ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಕೇಳಿ.